ಒಂದು ತಂತಿ ನಾಲ್ಕಾಗಿ, ಎರಡು ತಂತಿ ಒಂದಾಗಿ

ಹೆಣ್ಣುಮಕ್ಕಳಿಗೆ 'ಕಲ್ಪನಾ' ಎಂದು ಹೆಸರಿಡುವ ವಾಡಿಕೆಯುಂಟು. ಯಂತ್ರೋಪಕರಣಗಳನ್ನು ತಯಾರಿಸುವ ಕಂಪನಿಯೊಂದಕ್ಕೆ ಆ ಹೆಸರು ಬಂದದ್ದು ಮಾತ್ರ ಸೋಜಿಗವೇ. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ೧೯೮೦ರ ದಶಕದಲ್ಲಿ ಹಾಗೊಂದು ಕಂಪನಿ ಹುಟ್ಟಿತು; ಅದರ ಸ್ಥಾಪಕರಲ್ಲೊಬ್ಬರಾದ, ಭಾರತ ಮೂಲದ ವಿನೋದ್ ಭಾರದ್ವಾಜರು ತಮ್ಮ ಮಡದಿಯ ಹೆಸರನ್ನೇ ಅದಕ್ಕೆ ಇಟ್ಟರು. ೧೯೯೦ರ ಸುಮಾರಿಗೆ ಆ ಕಂಪನಿಯು ಏಳು ಕಿಂಡಿಗಳುಳ್ಳ ಒಂದು ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. ಇಂದು ಕಚೇರಿ, ಕಾಲೇಜು, ಆಸ್ಪತ್ರೆಗಳ ಮೂಲೆಯ ಬೀರುವಿನಲ್ಲಿ ಹಸಿರು ದೀಪಗಳನ್ನು ಮಿಟುಕಿಸುತ್ತ ಕುಳಿತಿರುವ ಈಥರ್ನೆಟ್ ಸ್ವಿಚ್ಚುಗಳ ವಂಶಕ್ಕೆ ಆ ಪೆಟ್ಟಿಗೆಯೇ ಮೂಲಪುರುಷ. ೧೯೯೪ರಲ್ಲಿ ಸಿಸ್ಕೋ ಎಂಬ ದೊಡ್ಡ ಕಂಪನಿಯು ಕಲ್ಪನಾವನ್ನು ಕೊಂಡುಕೊಂಡಿತು. ಹೆಸರು ಅಳಿಯಿತು, ಕೆಲಸ ಉಳಿಯಿತು.

ಆ ಪೆಟ್ಟಿಗೆ ಬರುವುದಕ್ಕೆ ಮುಂಚೆ ಗಣಕಯಂತ್ರಗಳು ಪರಸ್ಪರ ಮಾತನಾಡುತ್ತಿದ್ದ ರೀತಿ ಮದುವೆಮನೆಯ ಪಡಸಾಲೆಯ ಮಾತಿನಂತೆ ಇತ್ತು. ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾಲಯದಲ್ಲಿ ೧೯೭೩ರಿಂದ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಎಂಬವರು ರೂಪಿಸಿದ ಈಥರ್ನೆಟ್ಟಿನಲ್ಲಿ ಎಲ್ಲ ಯಂತ್ರಗಳೂ ಒಂದೇ ತಂತಿಗೆ ಜೋತುಬಿದ್ದಿದ್ದುವು. ಒಂದು ಆಡಿದ್ದು ಎಲ್ಲಕ್ಕೂ ಕೇಳಿಸುತ್ತಿತ್ತು. ಎರಡು ಒಮ್ಮೆಗೇ ಬಾಯಿ ತೆರೆದರೆ ಯಾವುದಕ್ಕೂ ತಿಳಿಯದೆ, ಎರಡೂ ಸುಮ್ಮನಾಗಿ, ಸ್ವಲ್ಪ ತಾಳಿ, ಮತ್ತೆ ಮೊದಲುಮಾಡಬೇಕಾಗಿತ್ತು. ಸ್ವಿಚ್ಚು ಈ ಗದ್ದಲವನ್ನು ನಿಲ್ಲಿಸಿತು. ಪ್ರತಿಯೊಂದು ಯಂತ್ರಕ್ಕೂ ಪ್ರತ್ಯೇಕವಾದ ಕೇಬಲ್ಲು, ಪ್ರತ್ಯೇಕವಾದ ಕಿಂಡಿ. ಈ ಕಿಂಡಿಗೆ ಪೋರ್ಟು ಎಂದು ಹೆಸರು. ಯಾವ ಪೋರ್ಟಿನಿಂದ ಯಾರ ವಿಳಾಸ ಹೊತ್ತ ಪೊಟ್ಟಣ ಬಂದಿತೆಂಬುದನ್ನು ಸ್ವಿಚ್ಚು ನೋಡಿ ನೆನಪಿಟ್ಟುಕೊಳ್ಳುತ್ತದೆ. ಮುಂದೆ ಆ ವಿಳಾಸಕ್ಕೆ ಬಂದುದನ್ನು ಆ ಪೋರ್ಟಿಗಷ್ಟೇ ಕೊಡುತ್ತದೆ. ಹೊಸ ಊರಿಗೆ ಬಂದ ಜಾಣ ಅಂಚೆಯವನಂತೆ, ಹೇಳಿಕೊಡುವವರಿಲ್ಲದೆಯೇ ಮನೆಗಳನ್ನು ಕಲಿತುಕೊಳ್ಳುತ್ತದೆ.

ಆದರೂ ಒಂದು ಬಗೆಯ ಮಾತನ್ನು ಸ್ವಿಚ್ಚು ತಡೆಯಲಾರದು. ಅದು ಡಂಗುರ. 'ಇಂಥ ವಿಳಾಸದವರು ಯಾರು? ಉತ್ತರ ಕೊಡಿ' ಎಂದು ಒಂದು ಯಂತ್ರ ಎಲ್ಲರನ್ನೂ ಕುರಿತು ಸಾರಿದಾಗ, ಸ್ವಿಚ್ಚು ಅದನ್ನು ಎಲ್ಲ ಪೋರ್ಟುಗಳಿಗೂ ಹಂಚಲೇಬೇಕು. ಹತ್ತು ಯಂತ್ರಗಳಿದ್ದಾಗ ಇದು ಲೆಕ್ಕಕ್ಕಿಲ್ಲ. ಇನ್ನೂರು ಆದಾಗ ಇದೇ ಒಂದು ಕಾಟ. ಕಾಟಕ್ಕಿಂತ ಮಿಗಿಲಾದುದು ಇದರಲ್ಲಿ ಅಡಗಿರುವ ಅಪಾಯ. ಡಂಗುರ ತಲುಪುವಷ್ಟು ದೂರವೂ ಎಲ್ಲರೂ ಒಂದೇ ಮನೆಯವರು. ಯಾರು ಬೇಕಾದರೂ ಯಾರ ಬಾಗಿಲನ್ನಾದರೂ ತಟ್ಟಬಹುದು.

ತಾಲ್ಲೂಕು ಕೇಂದ್ರದ ಒಂದು ಎರಡಂತಸ್ತಿನ ಆಸ್ಪತ್ರೆಯನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಲಿ. ಕೆಳಗೆ ನೋಂದಣಿ, ಲೆಕ್ಕಪತ್ರ, ಔಷಧಾಲಯ. ಮೇಲೆ ಕ್ಷಕಿರಣದ ಕೋಣೆ, ರಕ್ತಪರೀಕ್ಷೆಯ ಕೋಣೆ, ವಾರ್ಡುಗಳು. ಎರಡೂ ಕಡೆ ಕಾವಲು ಕ್ಯಾಮೆರಾಗಳು. ರೋಗಿಗಳ ನೆಂಟರಿಷ್ಟರು ಕಾಯುತ್ತ ಕುಳಿತಾಗ ಬೇಸರ ಕಳೆಯಲೆಂದು ವೈ-ಫೈ. ಅಂತಸ್ತಿಗೊಂದರಂತೆ ೨೪ ಪೋರ್ಟುಗಳ ಎರಡು ಸ್ವಿಚ್ಚುಗಳು, ಅವುಗಳ ನಡುವೆ ಒಂದು ಕೇಬಲ್ಲು. ಪೆಟ್ಟಿಗೆಗಳನ್ನು ಅಂಗಡಿಯಿಂದ ತಂದಂತೆಯೇ ಸಿಕ್ಕಿಸಿದರೆ, ಹೊರಗಿನಿಂದ ಬಂದ ಯಾವನೋ ಒಬ್ಬನ ರೋಗಗ್ರಸ್ತ ಮೊಬೈಲು ಕ್ಷಕಿರಣ ಯಂತ್ರದ ಗಣಕದೊಡನೆ ನೇರವಾಗಿ ಮಾತಿಗಿಳಿಯಬಹುದು. ಮನುಷ್ಯರಿಗೆ ಸೋಂಕು ತಗಲದಂತೆ ಪ್ರತ್ಯೇಕ ವಾರ್ಡು ಕಟ್ಟಿಸಿದವರು ಯಂತ್ರಗಳನ್ನು ಮಾತ್ರ ಒಂದೇ ಚಾಪೆಯ ಮೇಲೆ ಮಲಗಿಸಿರುತ್ತಾರೆ!

ಪರಿಹಾರವೇನು? ಲೆಕ್ಕಪತ್ರಕ್ಕೊಂದು, ಪರೀಕ್ಷಾಲಯಕ್ಕೊಂದು, ಕ್ಯಾಮೆರಾಗಳಿಗೊಂದು, ಬಂದುಹೋಗುವವರಿಗೊಂದು, ಹೀಗೆ ಅಂತಸ್ತಿಗೆ ನಾಲ್ಕರಂತೆ ಎಂಟು ಪೆಟ್ಟಿಗೆಗಳನ್ನು ಕೊಂಡು, ಮಹಡಿಗೆ ನಾಲ್ಕು ಕೇಬಲ್ಲುಗಳನ್ನು ಎಳೆಯಬಹುದು. ಹಣವಿದ್ದವರಿಗೆ ಇದು ಒಳ್ಳೆಯ ಪರಿಹಾರವೇ. ಇಲ್ಲದವರಿಗೆ ಒಂದೇ ಪೆಟ್ಟಿಗೆಯನ್ನು ನಾಲ್ಕು ಎಂದು ನಂಬಿಸುವ ಉಪಾಯವೊಂದುಂಟು. ಬೆಲ್‌ಕೋರ್ ಎಂಬ ದೂರವಾಣಿ ಸಂಶೋಧನ ಸಂಸ್ಥೆಯಲ್ಲಿದ್ದ ಡೇವಿಡ್ ಸಿಂಕೋಸ್ಕಿ ೧೯೮೦ರ ದಶಕದಲ್ಲಿ ಈಥರ್ನೆಟ್ ಜಾಲಗಳನ್ನು ಹಿಗ್ಗಿಸುವ ಬಗೆಯನ್ನು ಹುಡುಕುತ್ತಿದ್ದಾಗ ಈ ಆಲೋಚನೆಗೆ ದಾರಿಯಾಯಿತು. ಇದನ್ನು ವಿ-ಲ್ಯಾನ್ ಎನ್ನುತ್ತಾರೆ. ಕನ್ನಡದಲ್ಲಿ ಕಲ್ಪಿತ ಜಾಲ ಎನ್ನಬಹುದು. ಮೊದಲ ಸ್ವಿಚ್ಚನ್ನು ಹೆತ್ತ ಕಂಪನಿಯ ಹೆಸರಿಗೂ ಈ ಮಾತಿಗೂ ನಂಟು ಒದಗಿದ್ದು ಕೇವಲ ಆಕಸ್ಮಿಕ. ಆದರೂ ಸೊಗಸಾದ ಆಕಸ್ಮಿಕ.

ಕಲ್ಪಿತ ಜಾಲದ ಬಂಡವಾಳವೆಲ್ಲ ನಾಲ್ಕು ಬೈಟುಗಳ ಒಂದು ಚೀಟಿ. ಐ-ಟ್ರಿಪಲ್-ಇ ಎಂಬ ವಿದ್ಯುತ್ ತಂತ್ರಜ್ಞರ ಸಂಸ್ಥೆಯು ೧೯೯೮ರಲ್ಲಿ ೮೦೨.೧ಕ್ಯೂ ಎಂಬ ಸಂಖ್ಯೆಯಲ್ಲಿ ಇದರ ನಿಯಮವನ್ನು ಪ್ರಕಟಿಸಿತು. ಪೊಟ್ಟಣದಲ್ಲಿ ಕಳುಹಿಸುವವನ ವಿಳಾಸವಾದ ಕೂಡಲೆ ಈ ಚೀಟಿಯನ್ನು ಅಂಟಿಸುತ್ತಾರೆ; ಇದರಿಂದ ಪೊಟ್ಟಣದ ಪರಮಾವಧಿ ಗಾತ್ರ ೧೫೧೮ ಬೈಟುಗಳಿಂದ ೧೫೨೨ಕ್ಕೆ ಏರುತ್ತದೆ. ಚೀಟಿಯ ಮೊದಲ ಅರ್ಧ 'ಇದು ಚೀಟಿ' ಎಂದು ಸಾರುವ ಗುರುತು. ಉಳಿದರ್ಧದಲ್ಲಿ ೧೨ ಬಿಟ್ಟುಗಳು ಜಾಲದ ಸಂಖ್ಯೆಗೆ ಮೀಸಲು. ೧೨ ಬಿಟ್ಟುಗಳಿಂದ ೪೦೯೬ ಸಂಖ್ಯೆಗಳಾಗುತ್ತವೆ, ಮೊದಲನೆಯದೂ ಕೊನೆಯದೂ ಬಳಕೆಗಿಲ್ಲ, ಉಳಿದುವು ೪೦೯೪. ಆಸ್ಪತ್ರೆಗೆ ನಾಲ್ಕು ಸಾಕು. ಲೆಕ್ಕಪತ್ರಕ್ಕೆ ೧೦, ಪರೀಕ್ಷಾಲಯಕ್ಕೆ ೨೦, ಕ್ಯಾಮೆರಾಗಳಿಗೆ ೩೦, ಬಂದುಹೋಗುವವರಿಗೆ ೪೦ ಎಂದು ಇಟ್ಟುಕೊಂಡರೆ ನೆನಪಿಗೂ ಸುಲಭ.

ಇಲ್ಲಿ ಒಂದು ಸೂಕ್ಷ್ಮವಿದೆ. ಸಾಮಾನ್ಯವಾದ ಮೇಜುಗಣಕಕ್ಕೆ, ಮುದ್ರಣಯಂತ್ರಕ್ಕೆ, ಕ್ಯಾಮೆರಾಕ್ಕೆ ಚೀಟಿಯ ವಿಚಾರವೇ ತಿಳಿಯದು. ತಿಳಿಯಬೇಕಾದ ಅಗತ್ಯವೂ ಇಲ್ಲ. ಅವು ಚೀಟಿಯಿಲ್ಲದ ಪೊಟ್ಟಣವನ್ನೇ ಕಳುಹಿಸುತ್ತವೆ, ಚೀಟಿಯಿಲ್ಲದ್ದನ್ನೇ ಬಯಸುತ್ತವೆ. ಒಳಗೆ ಬಂದ ಪೊಟ್ಟಣವನ್ನು ಯಾವ ಜಾಲಕ್ಕೆ ಸೇರಿಸಬೇಕೆಂಬುದನ್ನು ಸ್ವಿಚ್ಚು ಪೋರ್ಟನ್ನು ನೋಡಿ ನಿರ್ಧರಿಸುತ್ತದೆ. ಹೊರಗೆ ಕೊಡುವಾಗ ಚೀಟಿಯನ್ನು ಕಿತ್ತು ಕೊಡುತ್ತದೆ. ಮಹಡಿಗೆ ಹೋಗುವ ಕೇಬಲ್ಲಿನ ಕಥೆ ಬೇರೆ. ಅದರಲ್ಲಿ ನಾಲ್ಕು ಜಾಲಗಳ ಪೊಟ್ಟಣಗಳೂ ಒಟ್ಟಿಗೆ ಪ್ರಯಾಣ ಮಾಡಬೇಕಾದ್ದರಿಂದ ಚೀಟಿ ಅಂಟಿಕೊಂಡೇ ಇರಬೇಕು. ಮೇಲಿನ ಸ್ವಿಚ್ಚು ಚೀಟಿಯನ್ನೋದಿ ಬೇರೆ ಬೇರೆಯಾಗಿ ವಿಂಗಡಿಸುತ್ತದೆ. ರೈಲಿನ ಅಂಚೆಡಬ್ಬಿಯಲ್ಲಿ ಊರೂರ ಚೀಲಗಳು ಒಂದೇ ಗಾಡಿಯಲ್ಲಿ ಹೋಗಿ ಆಯಾ ನಿಲ್ದಾಣದಲ್ಲಿ ಇಳಿಯುವುದಿಲ್ಲವೆ, ಹಾಗೆ.

ಕಡಿಮೆ ಬೆಲೆಯ ಸ್ವಿಚ್ಚುಗಳನ್ನು ಹೊಂದಿಸಲು ಕುಳಿತವರು ಎಡವುವುದು ಬಹುತೇಕ ಈ ಒಂದು ಹೆಜ್ಜೆಯಲ್ಲಿಯೇ. ಹೊರಗೆ ಹೋಗುವ ಪೊಟ್ಟಣಕ್ಕೆ ಒಂದು ಪಟ್ಟಿ, ಒಳಗೆ ಬರುವ ಪೊಟ್ಟಣಕ್ಕೆ ಇನ್ನೊಂದು ಸಂಖ್ಯೆ, ಹೀಗೆ ಎರಡು ಕಡೆ ಬರೆಯಬೇಕಾಗುತ್ತದೆ. ಎರಡನೆಯದಕ್ಕೆ ಪಿ-ವಿಐಡಿ ಎಂದು ಹೆಸರು. ಕ್ಷಕಿರಣದ ಗಣಕವಿರುವ ಐದನೆಯ ಪೋರ್ಟನ್ನು ೨೦ನೆಯ ಜಾಲದ ಪಟ್ಟಿಗೆ ಸೇರಿಸಿ, ಪಿ-ವಿಐಡಿಯನ್ನು ಮರೆತು ಹಾಗೆಯೇ ೧ ಎಂದು ಬಿಟ್ಟರೆ ಏನಾಗುತ್ತದೆ? ೨೦ನೆಯ ಜಾಲದ ಮಾತೆಲ್ಲ ಆ ಗಣಕಕ್ಕೆ ಕೇಳಿಸುತ್ತದೆ. ಅದು ಆಡಿದ್ದು ಮಾತ್ರ ಒಂದನೆಯ ಜಾಲಕ್ಕೆ ಹೋಗಿಬಿಡುತ್ತದೆ. ಕಿವಿಯುಂಟು, ಬಾಯಿಯಿಲ್ಲ. ದೀಪ ಹಸಿರಾಗಿಯೇ ಉರಿಯುತ್ತಿರುತ್ತದೆ. ದೋಷವೆಂದು ಸ್ವಿಚ್ಚು ಒಂದಕ್ಷರವನ್ನೂ ಬರೆಯುವುದಿಲ್ಲ. ಕೇಬಲ್ಲನ್ನು ಬದಲಾಯಿಸಿ, ಗಣಕವನ್ನು ಮುಚ್ಚಿ ತೆರೆದು, ಮಾರಿದವನನ್ನು ಬೈದು ಅರ್ಧ ದಿನ ಕಳೆದ ಮೇಲೆ ಆ ಪುಟ್ಟ ಸಂಖ್ಯೆ ಕಣ್ಣಿಗೆ ಬೀಳುತ್ತದೆ.

ಇದಕ್ಕಿಂತ ಕೆಟ್ಟದ್ದು ಎರಡು ತುದಿಗಳ ಭಿನ್ನಾಭಿಪ್ರಾಯ. ಮಹಡಿಯ ಕೇಬಲ್ಲಿನಲ್ಲಿ ಚೀಟಿಯಿಲ್ಲದೆ ಬಂದ ಪೊಟ್ಟಣವನ್ನು ಕೆಳಗಿನ ಸ್ವಿಚ್ಚು ೧೦ನೆಯ ಜಾಲದ್ದೆಂದೂ ಮೇಲಿನದು ೪೦ನೆಯದೆಂದೂ ತಿಳಿದರೆ, ಲೆಕ್ಕಪತ್ರದವರೂ ಬಂದುಹೋಗುವವರೂ ಒಂದೇ ಜಾಲದವರಾಗಿಬಿಡುತ್ತಾರೆ. ಕಟ್ಟಿದ ಗೋಡೆ ಕಾಗದದಲ್ಲಿ ಮಾತ್ರ ಉಳಿಯುತ್ತದೆ. ಕೆಲವು ಸ್ವಿಚ್ಚುಗಳು ಒಂದನ್ನೊಂದು ವಿಚಾರಿಸಿ ಇದನ್ನು ಪತ್ತೆಹಚ್ಚುತ್ತವೆ. ಬೇರೆ ಬೇರೆ ಕಂಪನಿಗಳ ಪೆಟ್ಟಿಗೆಗಳು ಎದುರುಬದುರಾದರೆ ಬಹುಮಟ್ಟಿಗೆ ಮೌನವೇ ಗತಿ.

ಗೋಡೆಯ ಮಾತು ಬಂದದ್ದರಿಂದ ಇನ್ನೊಂದು ಭ್ರಮೆಯನ್ನೂ ಇಲ್ಲಿಯೇ ಕಳೆಯುವುದು ಲೇಸು. ಕಲ್ಪಿತ ಜಾಲಗಳನ್ನು ಬೇರ್ಪಡಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಂದು ಜಾಲದಿಂದ ಇನ್ನೊಂದಕ್ಕೆ ದಾಟುವ ಬಾಗಿಲು ರೌಟರಿನಲ್ಲಿರುತ್ತದೆ. ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂಬ ಆಜ್ಞೆಯನ್ನು ಅಲ್ಲಿ ಬರೆಯದಿದ್ದರೆ ಗೋಡೆಯಲ್ಲಿ ಹೆಬ್ಬಾಗಿಲನ್ನು ತೆರೆದಿಟ್ಟಂತೆಯೇ ಸರಿ. ಅಮೆರಿಕದ ಟಾರ್ಗೆಟ್ ಎಂಬ ಸರಣಿ ಅಂಗಡಿಗಳಲ್ಲಿ ೨೦೧೩ರ ನವೆಂಬರ್-ಡಿಸೆಂಬರಿನಲ್ಲಿ ಸುಮಾರು ೪ ಕೋಟಿ ಗಿರಾಕಿ ಕಾರ್ಡುಗಳ ವಿವರಗಳು ಕಳುವಾದುವು. ಕಳ್ಳರು ಒಳಹೊಕ್ಕದ್ದು ಅಂಗಡಿಯ ಶೈತ್ಯಯಂತ್ರಗಳ ಕೆಲಸವನ್ನು ವಹಿಸಿಕೊಂಡಿದ್ದ ಗುತ್ತಿಗೆದಾರರ ರಹಸ್ಯಪದವನ್ನು ಕದ್ದು. ಗುತ್ತಿಗೆದಾರನು ಬರುವ ಹಿತ್ತಿಲ ಬಾಗಿಲಿನಿಂದ ಹಣದ ಪೆಟ್ಟಿಗೆಯವರೆಗೆ ದಾರಿ ಮುಚ್ಚಿರಲಿಲ್ಲವೆಂಬುದೇ ಆ ಪ್ರಕರಣದಲ್ಲಿ ಎಲ್ಲರೂ ಎತ್ತಿ ಹೇಳಿದ ಲೋಪ.

ಈಗ ಎರಡನೆಯ ವಿದ್ಯೆ. ಆಸ್ಪತ್ರೆಯವರು ಕ್ಷಕಿರಣದ ಚಿತ್ರಗಳನ್ನು ಕೆಳಗಿನ ಸಂಗ್ರಹಯಂತ್ರಕ್ಕೆ ಕಳುಹಿಸತೊಡಗಿದ ಮೇಲೆ ಮಹಡಿಯ ಒಂದು ಕೇಬಲ್ಲು ಸಾಲದಾಯಿತೆನ್ನೋಣ. ಅದಕ್ಕಿಂತ ಹೆಚ್ಚಿನ ಚಿಂತೆಯೆಂದರೆ, ಆ ಒಂದನ್ನು ಇಲಿ ಕಡಿದರೆ ಮೇಲಿನ ಅಂತಸ್ತೇ ಮೂಕವಾಗುತ್ತದೆ. ಆದಕಾರಣ ಇನ್ನೊಂದು ಕೇಬಲ್ಲನ್ನು ಎಳೆದು, ಎರಡೂ ಸ್ವಿಚ್ಚುಗಳ ೨೩ ಮತ್ತು ೨೪ನೆಯ ಪೋರ್ಟುಗಳನ್ನು ಜೋಡಿಸುವುದೆಂದು ತೀರ್ಮಾನವಾಗುತ್ತದೆ. ನೋಡುವುದಕ್ಕೆ ಇದಕ್ಕಿಂತ ನಿರುಪದ್ರವವಾದ ಕೆಲಸವಿಲ್ಲ. ಕೇಬಲ್ಲನ್ನು ಸಿಕ್ಕಿಸುವುದಷ್ಟೆ!

ಸಿಕ್ಕಿಸಿದೊಡನೆ ಒಂದು ಡಂಗುರ ಹೊರಟಿತೆನ್ನಿ. ಕೆಳಗಿನ ಸ್ವಿಚ್ಚು ಅದನ್ನು ಎರಡೂ ಕೇಬಲ್ಲುಗಳಲ್ಲಿ ಮೇಲಕ್ಕೆ ಕಳುಹಿಸುತ್ತದೆ. ಒಂದರಲ್ಲಿ ಬಂದುದನ್ನು ಮೇಲಿನ ಸ್ವಿಚ್ಚು ಇನ್ನೊಂದರಲ್ಲಿ ಕೆಳಕ್ಕೆ ಅಟ್ಟುತ್ತದೆ. ಕೆಳಗಿನದು ಮತ್ತೆ ಮೇಲಕ್ಕೆ. ಅಂತರಜಾಲದ ಪೊಟ್ಟಣಕ್ಕೆ ಇಷ್ಟು ಹೆಜ್ಜೆಯಾದ ಮೇಲೆ ಸಾಯಬೇಕೆಂಬ ಆಯುಷ್ಯದ ಲೆಕ್ಕವುಂಟು. ಈಥರ್ನೆಟ್ಟಿನ ಪೊಟ್ಟಣಕ್ಕೆ ಅದಿಲ್ಲ. ಅದು ಚಿರಂಜೀವಿ. ಗಾಣಕ್ಕೆ ಕಟ್ಟಿದ ಎತ್ತಿನಂತೆ ಸುತ್ತುತ್ತಲೇ ಇರುತ್ತದೆ, ಸುತ್ತಿಗೊಮ್ಮೆ ಎಲ್ಲ ಪೋರ್ಟುಗಳಿಗೂ ತನ್ನ ಪ್ರತಿಯನ್ನು ಹಂಚುತ್ತದೆ. ಇನ್ನೊಂದು ಡಂಗುರ ಬಂದು ಅದರ ಜೊತೆ ಸೇರುತ್ತದೆ, ಮತ್ತೊಂದು ಸೇರುತ್ತದೆ. ಕೆಲವೇ ಕ್ಷಣಗಳಲ್ಲಿ ಪೆಟ್ಟಿಗೆಯ ದೀಪಗಳೆಲ್ಲ ಒಟ್ಟಿಗೆ, ಒಂದೇ ತಾಳದಲ್ಲಿ ಮಿಡಿಯತೊಡಗುತ್ತವೆ, ಜಾಲ ಬಿದ್ದುಹೋಗುತ್ತದೆ.

ಈ ಸುಳಿಗೆ ಮದ್ದನ್ನು ಕಂಡುಹಿಡಿದಾಕೆ ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆ. ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯಲ್ಲಿದ್ದ ಆಕೆ ೧೯೮೫ರಲ್ಲಿ ಸ್ಪ್ಯಾನಿಂಗ್ ಟ್ರೀ ಎಂಬ ವಿಧಾನವನ್ನು ರೂಪಿಸಿದರು. ಸ್ವಿಚ್ಚುಗಳು ತಮ್ಮಲ್ಲಿ ಒಂದನ್ನು ಬೇರೆಂದು ಆರಿಸಿಕೊಂಡು, ಅದರಿಂದ ಮರದ ಕೊಂಬೆಗಳಂತೆ ದಾರಿಗಳನ್ನು ಉಳಿಸಿಕೊಂಡು, ಸುಳಿಯನ್ನುಂಟುಮಾಡುವ ಹೆಚ್ಚಿನ ದಾರಿಗಳನ್ನು ತಾವಾಗಿಯೇ ಮುಚ್ಚುತ್ತವೆ. ಮುಖ್ಯ ದಾರಿ ಕಡಿದಾಗ ಮುಚ್ಚಿದ್ದು ತೆರೆದುಕೊಳ್ಳುತ್ತದೆ. ಮರಕ್ಕೆ ಸುತ್ತುದಾರಿಯಿಲ್ಲವೆಂಬ ಹಳ್ಳಿಯ ಮಕ್ಕಳಿಗೂ ಗೊತ್ತಿರುವ ಸಂಗತಿಯ ಮೇಲೆ ಇಷ್ಟು ದೊಡ್ಡ ವ್ಯವಸ್ಥೆ ನಿಂತಿದೆ. ಆದರೆ ಎಲ್ಲ ಸ್ವಿಚ್ಚುಗಳಲ್ಲಿಯೂ ಇದು ಅಂಗಡಿಯಿಂದ ಬರುವಾಗಲೇ ಎಚ್ಚರವಾಗಿರುವುದಿಲ್ಲ. ಇದಕ್ಕೂ ಒಂದು ಮಿತಿಯುಂಟು.

ಮಿತಿ ಮೀರಿದಾಗ ಏನಾಗುತ್ತದೆಂಬುದನ್ನು ಬಾಸ್ಟನ್ ನಗರದ ಬೆತ್ ಇಸ್ರೇಲ್ ಡೀಕನೆಸ್ ವೈದ್ಯಕೀಯ ಕೇಂದ್ರವು ೨೦೦೨ರ ನವೆಂಬರಿನಲ್ಲಿ ಅನುಭವಿಸಿತು. ಅಲ್ಲಿಯ ಜಾಲವು ವರ್ಷಗಳಿಂದ ತುಂಡು ತುಂಡಾಗಿ, ಒಂದು ಸ್ವಿಚ್ಚಿಗೆ ಇನ್ನೊಂದು ಜೋಡಿಸಿಕೊಂಡು ಬೆಳೆದಿತ್ತು. ಸ್ಪ್ಯಾನಿಂಗ್ ಟ್ರೀಯ ಲೆಕ್ಕ ತಾಳಬಲ್ಲ ಏಳು ಹೆಜ್ಜೆಗಳ ಉದ್ದವನ್ನು ಅದು ದಾಟಿತ್ತು. ಸಂಶೋಧಕನೊಬ್ಬನು ಕಳುಹಿಸಿದ ಭಾರಿ ಕಡತಗಳ ಹೊರೆ ಬಿದ್ದಾಗ ಸ್ವಿಚ್ಚುಗಳ ಲೆಕ್ಕ ತಪ್ಪಿ ಸುಳಿಯೆದ್ದಿತು. ಸುಮಾರು ನಾಲ್ಕು ದಿನ ಆ ದೊಡ್ಡ ಆಸ್ಪತ್ರೆ ಕಾಗದಕ್ಕೆ ಮರಳಬೇಕಾಯಿತು. ರಕ್ತಪರೀಕ್ಷೆಯ ಫಲಿತಾಂಶಗಳನ್ನು ಮನುಷ್ಯರು ಕೈಯಲ್ಲಿ ಹಿಡಿದು ಓಡಿದರು; ಗಣಕದಲ್ಲಿಯೇ ಔಷಧ ಬರೆದು ರೂಢಿಯಾಗಿದ್ದ ಎಳೆಯ ವೈದ್ಯರು ಚೀಟಿ ಬರೆಯುವುದನ್ನು ಹಿರಿಯರಿಂದ ಕೇಳಿ ತಿಳಿದುಕೊಂಡರು. ಆಸ್ಪತ್ರೆಯ ಮಾಹಿತಿ ವಿಭಾಗದ ಮುಖ್ಯರಾಗಿದ್ದ ಜಾನ್ ಹಲಮ್ಕ ನಡೆದುದನ್ನು ಮುಚ್ಚಿಡದೆ ಜಗತ್ತಿನೆದುರು ಇಟ್ಟರು. ದೊಡ್ಡ ಹುದ್ದೆಯವರಲ್ಲಿ ಇಂಥ ಧೈರ್ಯ ಅಪರೂಪ. ಅದರಿಂದ ಕಲಿತ ಆಸ್ಪತ್ರೆಗಳು ಹಲವು.

ಹಾಗಾದರೆ ಎರಡು ಕೇಬಲ್ಲುಗಳನ್ನು ಹಾಕಲೇಬಾರದೆ? ಹಾಕಬಹುದು, ಸ್ಪ್ಯಾನಿಂಗ್ ಟ್ರೀ ಎಚ್ಚರವಾಗಿದ್ದರೆ ಒಂದನ್ನು ಮುಚ್ಚಿಡುತ್ತದೆ, ಎರಡನೆಯದು ಬರಿಯ ಅಲಂಕಾರವಾಗುತ್ತದೆ. ಎರಡನ್ನೂ ದುಡಿಸಬೇಕಾದರೆ ಎರಡೂ ಒಂದೇ ಎಂದು ಎರಡೂ ಕಡೆಯ ಸ್ವಿಚ್ಚುಗಳನ್ನು ನಂಬಿಸಬೇಕು. ಕಲ್ಪನಾ ಕಂಪನಿಯೇ ಈ ಯುಕ್ತಿಯನ್ನೂ ಮೊದಲು ಹೂಡಿ ಅದಕ್ಕೆ ಈಥರ್‌ಚಾನೆಲ್ ಎಂದು ಹೆಸರಿಟ್ಟಿತು. ೨೦೦೦ದಲ್ಲಿ ಅದಕ್ಕೆ ೮೦೨.೩ಎಡಿ ಎಂಬ ಸರ್ವಸಮ್ಮತವಾದ ನಿಯಮವಾಯಿತು, ೨೦೦೮ರಲ್ಲಿ ೮೦೨.೧ಎಎಕ್ಸ್ ಎಂಬ ಹೊಸ ಅಂಕಿತ ದೊರೆಯಿತು. ಜೋಡಿಸಿದ ಕೇಬಲ್ಲುಗಳ ಕಟ್ಟಿಗೆ ಲ್ಯಾಗ್ ಎನ್ನುತ್ತಾರೆ.

ಲ್ಯಾಗ್ ಎನ್ನುವವರು ಕೆಲವರು ಮಾತ್ರ. ಇದೇ ಕಟ್ಟನ್ನು ಕೆಲವು ಕಂಪನಿಗಳು 'ಟ್ರಂಕ್' ಎಂದು ಕರೆಯುತ್ತವೆ. ಸಿಸ್ಕೋದವರಿಗೆ ಟ್ರಂಕ್ ಎಂದರೆ ಬೇರೆ ವಸ್ತು. ಚೀಟಿ ಹೊತ್ತ ಹಲವು ಕಲ್ಪಿತ ಜಾಲಗಳನ್ನು ಸಾಗಿಸುವ ಪೋರ್ಟು. ಒಂದೇ ಶಬ್ದ, ಅರ್ಥ ಮಾತ್ರ ತಿರುವುಮುರುವು: ಅಲ್ಲಿ ಹಲವು ತಂತಿಗಳು ಒಂದಾಗುವುದು, ಇಲ್ಲಿ ಒಂದು ತಂತಿ ಹಲವಾಗುವುದು. ಟ್ರಂಕೆಂದರೆ ತವರಿನಿಂದ ಬಂದ ತಗಡಿನ ಪೆಟ್ಟಿಗೆಯೆಂದೂ, ಅಂಚೆಕಚೇರಿಯಲ್ಲಿ ಗಂಟೆಗಟ್ಟಲೆ ಕಾದು ಮಾಡುತ್ತಿದ್ದ ಟ್ರಂಕ್ ಕಾಲೆಂದೂ ತಿಳಿದು ಬೆಳೆದ ಹಿರಿಯರಿಗೆ ಇದರಿಂದ ಇನ್ನಷ್ಟು ಗೊಂದಲ. ಒಂದು ಕಂಪನಿಯ ಕೈಪಿಡಿಯನ್ನೋದಿ ಇನ್ನೊಂದು ಕಂಪನಿಯ ಪೆಟ್ಟಿಗೆಯನ್ನು ಹೊಂದಿಸುವ ತರುಣರು ಇಲ್ಲಿ ದಿಕ್ಕು ತಪ್ಪುವುದು ಸಹಜವೇ. ತಪ್ಪು ಅವರದಲ್ಲ; ಪೈಪೋಟಿಯ ಕಂಪನಿಗಳು ಪರಿಭಾಷೆಯಲ್ಲಿಯೂ ರಾಜಿಯಾಗಲಿಲ್ಲ, ಅಷ್ಟೆ.

ಲ್ಯಾಗನ್ನು ಎರಡು ಬಗೆಯಲ್ಲಿ ಕಟ್ಟಬಹುದು. ಒಂದು, 'ಈ ಎರಡು ಪೋರ್ಟುಗಳು ಒಂದೇ' ಎಂದು ಆಜ್ಞೆಮಾಡಿ ಸುಮ್ಮನಿರುವುದು. ಎದುರು ತುದಿಯವನು ಒಪ್ಪಿದನೆ ಇಲ್ಲವೆ ಎಂದು ಈ ಬಗೆಯಲ್ಲಿ ಯಾರೂ ವಿಚಾರಿಸುವುದಿಲ್ಲ. ಇನ್ನೊಂದು, ಎಲ್‌ಎಸಿಪಿ ಎಂಬ ಒಪ್ಪಂದದ ಭಾಷೆ. ಇದರಲ್ಲಿ ಎರಡು ಸ್ವಿಚ್ಚುಗಳೂ ಪ್ರತಿಯೊಂದು ಕೇಬಲ್ಲಿನ ಮೂಲಕವೂ ತಮ್ಮ ಗುರುತನ್ನೂ ಪೋರ್ಟಿನ ಗುರುತನ್ನೂ ಹೇಳಿಕೊಳ್ಳುತ್ತವೆ. ಎರಡೂ ಕೇಬಲ್ಲುಗಳ ಆಚೆ ತುದಿಯಲ್ಲಿ ಒಬ್ಬನೇ ಇದ್ದಾನೆಂದು ಖಾತ್ರಿಯಾದ ಮೇಲಷ್ಟೆ ಕಟ್ಟು ಬಿಗಿಯುತ್ತದೆ. ನಿಧಾನಕ್ರಮದಲ್ಲಿ ೩೦ ಸೆಕೆಂಡಿಗೊಮ್ಮೆ, ಶೀಘ್ರಕ್ರಮದಲ್ಲಿ ಸೆಕೆಂಡಿಗೊಮ್ಮೆ ಕುಶಲ ವಿಚಾರಣೆ ನಡೆಯುತ್ತದೆ. ಮೂರು ಬಾರಿ ಉತ್ತರ ಬಾರದಿದ್ದರೆ ಆ ಕೇಬಲ್ಲನ್ನು ಕಟ್ಟಿನಿಂದ ಬಿಡಿಸುತ್ತಾರೆ. ನಡುವೆ ಒಂದು ಪರಿವರ್ತಕ ಪೆಟ್ಟಿಗೆ ಕುಳಿತು, ಆಚೆಯ ತಂತಿ ಸತ್ತರೂ ಈಚೆಯ ದೀಪ ಉರಿಯುತ್ತಿರುವಂಥ ಸಂದರ್ಭದಲ್ಲಿ ಮೊದಲ ಬಗೆಯವನು ಸತ್ತ ತಂತಿಗೆ ಪೊಟ್ಟಣಗಳನ್ನು ಸುರಿಯುತ್ತಲೇ ಇರುತ್ತಾನೆ. ಎರಡನೆಯ ಬಗೆಯೇ ಮೇಲೆಂಬುದರಲ್ಲಿ ಸಂದೇಹವಿಲ್ಲ.

ಎಲ್‌ಎಸಿಪಿಯಲ್ಲಿ ಒಂದು ವಿನೋದವೂ ಇದೆ. ಪ್ರತಿಯೊಂದು ತುದಿಯನ್ನೂ 'ಆಕ್ಟಿವ್' ಇಲ್ಲವೆ 'ಪ್ಯಾಸಿವ್' ಎಂದು ಗೊತ್ತುಮಾಡಬೇಕು. ಆಕ್ಟಿವ್ ತಾನಾಗಿಯೇ ಮಾತು ತೆಗೆಯುತ್ತದೆ. ಪ್ಯಾಸಿವ್ ಮಾತನಾಡಿಸಿದರೆ ಮಾತ್ರ ಮಾತನಾಡುತ್ತದೆ. ಎರಡೂ ಪ್ಯಾಸಿವ್ ಆದರೆ, ಹೆಣ್ಣು ನೋಡಲು ಬಂದ ಮನೆಯಲ್ಲಿ ಬೀಗರಿಬ್ಬರೂ ಗಾಂಭೀರ್ಯ ಬಿಡದೆ ಕುಳಿತಂತೆ, ಸಂಬಂಧವೇ ಕುದುರುವುದಿಲ್ಲ. ಎರಡನ್ನೂ ಆಕ್ಟಿವ್ ಮಾಡುವುದು ನಿಶ್ಚಿಂತೆ. ಕಟ್ಟಿನ ಕೇಬಲ್ಲುಗಳ ವೇಗ ಒಂದೇ ಆಗಿರಬೇಕೆಂಬುದನ್ನೂ ಮರೆಯಬಾರದು. ಎತ್ತನ್ನೂ ಕುದುರೆಯನ್ನೂ ಒಂದೇ ನೊಗಕ್ಕೆ ಹೂಡಲಾಗದು.

ಲ್ಯಾಗಿನಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದರಲ್ಲಿಯೇ ಹೆಚ್ಚಿನವರಿಗೆ ನಿರಾಶೆ ಕಾದಿರುವುದು. ಸೆಕೆಂಡಿಗೆ ಒಂದು ಗಿಗಾಬಿಟ್ ಸಾಗಿಸುವ ಎರಡು ಕೇಬಲ್ಲುಗಳನ್ನು ಕಟ್ಟಿದರೆ ಎರಡು ಗಿಗಾಬಿಟ್ ವೇಗ ಬಂದಿತೆಂದು ಹಿಗ್ಗಿ, ಒಂದು ದೊಡ್ಡ ಕಡತವನ್ನು ಕಳುಹಿಸಿ ನೋಡುತ್ತಾರೆ, ಮೊದಲಿದ್ದ ವೇಗವೇ. ಕಾರಣವಿಷ್ಟೆ. ಒಂದೇ ಸಂಭಾಷಣೆಯ ಪೊಟ್ಟಣಗಳನ್ನು ಎರಡು ದಾರಿಗಳಲ್ಲಿ ಹಂಚಿದರೆ ಹಿಂದಿನದು ಮುಂದೆ, ಮುಂದಿನದು ಹಿಂದೆ ಆಗಬಹುದು, ಹಾಗಾಗಕೂಡದೆಂದು ನಿಯಮ. ಆದ್ದರಿಂದ ಸ್ವಿಚ್ಚು ಕಳುಹಿಸುವವನ ಮತ್ತು ಪಡೆಯುವವನ ವಿಳಾಸಗಳನ್ನು ಹಿಡಿದು ಒಂದು ಲೆಕ್ಕ ಮಾಡಿ, ಆ ಜೋಡಿಗೆ ಒಂದು ಕೇಬಲ್ಲನ್ನು ಗೊತ್ತುಮಾಡುತ್ತದೆ. ಖಾತೆಯ ಸಂಖ್ಯೆ ಸಮವಾದವರು ಒಂದನೆಯ ಕೌಂಟರಿಗೆ, ಬೆಸವಾದವರು ಎರಡನೆಯದಕ್ಕೆ ಎಂದು ಬ್ಯಾಂಕಿನಲ್ಲಿ ಬರೆದು ಹಾಕಿದಂತೆ. ಎರಡನೆಯ ಕೌಂಟರಿನಲ್ಲಿ ಗುಮಾಸ್ತ ಆಕಳಿಸುತ್ತಿದ್ದರೂ ಸಮಸಂಖ್ಯೆಯವನು ಒಂದನೆಯದರ ಸಾಲಿನಲ್ಲಿಯೇ ನಿಲ್ಲಬೇಕು. ಜನ ಹೆಚ್ಚಿದಾಗ ಸಾಲುಗಳು ಸರಿದೂಗುತ್ತವೆ. ಒಬ್ಬನೇ ಬಂದಾಗ ಎರಡು ಕೌಂಟರುಗಳಿಂದ ಅವನಿಗೇನೂ ಲಾಭವಿಲ್ಲ.

ಈ ಲೆಕ್ಕಕ್ಕೆ ಯಾವ ವಿಳಾಸಗಳನ್ನು ಹಿಡಿಯಬೇಕೆಂಬುದನ್ನು ಅನೇಕ ಸ್ವಿಚ್ಚುಗಳಲ್ಲಿ ಆರಿಸಬಹುದು. ಎಲ್ಲ ಪೊಟ್ಟಣಗಳೂ ಒಂದೇ ರೌಟರಿನ ಕಡೆ ಹೋಗುವಲ್ಲಿ ಪಡೆಯುವವನ ಯಂತ್ರವಿಳಾಸವೊಂದನ್ನೇ ಹಿಡಿದರೆ, ಎಲ್ಲವೂ ಒಂದೇ ಕೇಬಲ್ಲಿಗೆ ಬಿದ್ದು ಇನ್ನೊಂದು ಖಾಲಿ ಇರುತ್ತದೆ. ಅಂಥಲ್ಲಿ ಐಪಿ ವಿಳಾಸಗಳ ಜೋಡಿಯನ್ನು ಹಿಡಿಯುವುದು ಉಚಿತ.

ಇನ್ನು ಕೈಗೆಲಸದ ಕ್ರಮ. ಆಸ್ಪತ್ರೆಯ ಹುಡುಗನು ಕೆಳಗಿನ ಅಂತಸ್ತಿನಲ್ಲಿ ಗಣಕದ ಮುಂದೆ ಕುಳಿತು ಮಹಡಿಯ ಸ್ವಿಚ್ಚನ್ನೂ ಅಲ್ಲಿಂದಲೇ ತಿದ್ದುತ್ತಾನೆನ್ನಿ. ಎರಡನೆಯ ಕೇಬಲ್ಲು ಇನ್ನೂ ಸಿಕ್ಕಿಸಿಲ್ಲ, ಸಿಕ್ಕಿಸಲೂ ಬಾರದು. ಅವನು ಮೊದಲು ಕೆಳಗಿನ, ಹತ್ತಿರದ ತುದಿಯನ್ನು ಬದಲಾಯಿಸಿದರೆ, ಹಳೆಯ ರೀತಿಯಲ್ಲಿಯೇ ಇರುವ ಮೇಲಿನ ಸ್ವಿಚ್ಚು ಅವನ ಕೈಗೆ ಸಿಗದೆ ಹೋಗಬಹುದು. ಕುಳಿತ ಕೊಂಬೆಯನ್ನೇ ಕಡಿದಂತಾಗುತ್ತದೆ. ದೂರದ ತುದಿ ಮೊದಲು, ಹತ್ತಿರದ್ದು ಆಮೇಲೆ. ದೂರದ್ದನ್ನು ಬದಲಾಯಿಸಿದಾಗ ಸಂಪರ್ಕ ಕಡಿದರೂ ಹತ್ತಿರದ್ದನ್ನು ಸರಿಪಡಿಸಿದಾಗ ಮತ್ತೆ ಕೂಡುತ್ತದೆ. ಪೋರ್ಟುಗಳನ್ನು ಮೊದಲು ಲ್ಯಾಗಿಗೆ ಸೇರಿಸಿ, ಅನಂತರ ನಾಲ್ಕು ಕಲ್ಪಿತ ಜಾಲಗಳನ್ನು ಲ್ಯಾಗಿಗೇ ವಹಿಸಬೇಕು. ಇದು ತಿರುವಾದರೆ, ೨೩ ಮತ್ತು ೨೪ಕ್ಕೆ ಬಿಡಿಬಿಡಿಯಾಗಿ ಬರೆದುದನ್ನು ಕೆಲವು ಸ್ವಿಚ್ಚುಗಳು ಕಟ್ಟಿಗೆ ಸೇರಿದೊಡನೆ ಗಣನೆಗೇ ತೆಗೆದುಕೊಳ್ಳುವುದಿಲ್ಲ. ಇನ್ನು ಕೆಲವು, ಎರಡರ ಬರವಣಿಗೆಯಲ್ಲಿ ಎಳ್ಳಷ್ಟು ವ್ಯತ್ಯಾಸ ಕಂಡರೂ ಒಂದನ್ನು ಕಟ್ಟಿನಿಂದ ಹೊರಗಿಡುತ್ತವೆ. ಸ್ವಿಚ್ಚಿನ ಸ್ವಂತ ವಿಳಾಸ ಯಾವ ಜಾಲದಲ್ಲಿದೆಯೋ ಆ ಜಾಲವನ್ನೂ, ತಾನು ಕುಳಿತಿರುವ ಪೋರ್ಟನ್ನೂ ಕಟ್ಟಕಡೆಗೆ ಮುಟ್ಟುವುದು ವಿವೇಕ. ಎಷ್ಟೋ ಕಡೆ ಸ್ವಿಚ್ಚುಪಾಲಕರು ಏಣಿ ಹಿಡಿದು ಬೀರುವಿನ ಬಳಿಗೆ ಓಡುವುದು ಇದೊಂದನ್ನು ಮರೆತದ್ದರಿಂದ.

ಅನೇಕ ಸ್ವಿಚ್ಚುಗಳಲ್ಲಿ ಬದಲಾವಣೆ ಕೂಡಲೆ ಜಾರಿಗೆ ಬರುತ್ತದೆ, ಆದರೆ ಶಾಶ್ವತವಾಗುವುದಿಲ್ಲ. 'ಉಳಿಸು' ಎಂದು ಪ್ರತ್ಯೇಕವಾಗಿ ಹೇಳಬೇಕು. ಇದರಲ್ಲಿ ಒಳಿತೂ ಇದೆ, ಕೆಡುಕೂ ಇದೆ. ತನ್ನನ್ನು ತಾನೇ ಹೊರಗೆ ದಬ್ಬಿಕೊಂಡವನು ಪೆಟ್ಟಿಗೆಯ ವಿದ್ಯುತ್ತನ್ನು ತೆಗೆದು ಕೊಟ್ಟರೆ ಹಳೆಯ ಸ್ಥಿತಿ ಮರಳಿ ಬದುಕಿಕೊಳ್ಳುತ್ತಾನೆ. ಎಲ್ಲವನ್ನೂ ಸರಿಯಾಗಿ ಮಾಡಿ ಉಳಿಸುವುದನ್ನು ಮರೆತವನ ಕೆಲಸವೋ ಆರು ತಿಂಗಳಾದ ಮೇಲೆ ಒಂದು ರಾತ್ರಿ ವಿ‌ದ್ಯುತ್ ಹೋಗಿ ಬಂದಾಗ ಮಾಯವಾಗುತ್ತದೆ. ಅಷ್ಟರಲ್ಲಿ ಅವನು ಬೇರೆ ಊರಿನಲ್ಲಿ ಕೆಲಸಕ್ಕೆ ಸೇರಿರುತ್ತಾನೆ. ಕ್ಷಕಿರಣದ ಕೋಣೆಯಲ್ಲಿ ರಾತ್ರಿಪಾಳಿಯ ದಾದಿಯೊಬ್ಬಳು ಬಾರದ ಚಿತ್ರಕ್ಕಾಗಿ ಕಾಯುತ್ತ ಕುಳಿತಿರುತ್ತಾಳೆ.

ಎಲ್ಲ ಮುಗಿದ ಮೇಲೆ ಎರಡನೆಯ ಕೇಬಲ್ಲನ್ನು ಸಿಕ್ಕಿಸಿ, ಲ್ಯಾಗಿನ ಪಟ್ಟಿಯಲ್ಲಿ ಎರಡು ಪೋರ್ಟುಗಳೂ ಸೇರಿವೆಯೆಂದು ನೋಡಬೇಕು. ದೀಪವನ್ನು ನೋಡಿ ತೃಪ್ತಿಪಟ್ಟರೆ ಸಾಲದು. ಕೆಳಗಿನ ಗಣಕದಿಂದ ಮೇಲಿನ ಗಣಕಕ್ಕೆ ಸೆಕೆಂಡಿಗೊಂದು ಪ್ರಶ್ನೆ ಹೋಗಿ ಉತ್ತರ ಬರುವಂತೆ ಪಿಂಗ್ ಮಾಡುತ್ತ, ಮೊದಲನೆಯ ಕೇಬಲ್ಲನ್ನು ಕಿತ್ತು ನೋಡಬೇಕು. ಒಂದೆರಡು ಉತ್ತರಗಳು ತಪ್ಪಬಹುದು, ಮತ್ತೆ ಬರತೊಡಗುತ್ತವೆ. ಅದನ್ನು ಸಿಕ್ಕಿಸಿ, ಅರ್ಧ ನಿಮಿಷ ತಾಳಿ, ಎರಡನೆಯದನ್ನು ಕೀಳಬೇಕು. ಒಂದನ್ನು ಕಿತ್ತಾಗ ನಡೆದು ಇನ್ನೊಂದನ್ನು ಕಿತ್ತಾಗ ನಿಂತುಹೋದರೆ ಕಟ್ಟು ಕಟ್ಟಲ್ಲ, ಮೊದಲಿನಿಂದ ನೋಡಬೇಕು. ನಾಲ್ಕು ಜಾಲಗಳಲ್ಲಿಯೂ ಹೀಗೆಯೇ ಪರೀಕ್ಷೆಯಾಗಬೇಕು. ೪೦ನೆಯ ಜಾಲದಲ್ಲಿ ನಿಂತು ೨೦ನೆಯದನ್ನು ಕೂಗಿದಾಗ ಉತ್ತರ ಬರಲೇಬಾರದೆಂಬುದೂ ಪರೀಕ್ಷೆಯ ಭಾಗವೇ. ಬಳಿಕ ಉಳಿಸಿ, ಯಾವ ಪೋರ್ಟಿಗೆ ಯಾವ ಜಾಲವೆಂದು ಒಂದು ಹಾಳೆಯಲ್ಲಿ ಬರೆದು, ತಾರೀಖು ಹಾಕಿ, ಬೀರುವಿನ ಬಾಗಿಲ ಒಳಮೈಗೆ ಅಂಟಿಸಿದರೆ ಆ ದಿನದ ಕೆಲಸ ಮುಗಿಯಿತು.